ಕೋಟು ತೊಟ್ಟ ಬೆಕ್ಕುಗಳು: ಕೆಲವು ಟಿಪ್ಪಣಿಗಳು

ಇಂಗ್ಲೆಂಡಿನ ಚಿತ್ರಕಾರ ಲೂಯಿ ವೇನ್ ಬರೆದ ಚಹಾ ಕೂಟದ ಯಾವ ಚಿತ್ರವನ್ನು ಎತ್ತಿಕೊಂಡರೂ ಮೊದಲು ಕಣ್ಣಿಗೆ ಬೀಳುವುದು ಗದ್ದಲ. ಮೇಜಿನ ಸುತ್ತ ಬೆಕ್ಕುಗಳು ಒತ್ತೊತ್ತಾಗಿ ಕೂತಿವೆ. ಒಂದು ಚಹಾ ಬಗ್ಗಿಸುತ್ತದೆ, ಇನ್ನೊಂದು ಪಕ್ಕದವಳ ಕಿವಿಯಲ್ಲಿ ಏನೋ ಊದುತ್ತದೆ, ಮತ್ತೊಂದು ಹಲ್ಲು ಬಿಟ್ಟು ನಗುತ್ತದೆ. ಮೂಲೆಯಲ್ಲಿ ಒಂದು ಮರಿ, ದೊಡ್ಡವರ ಗಮನ ಬೇರೆಡೆ ಇರುವುದನ್ನು ನೋಡಿಕೊಂಡು ಮಾಡಬಾರದ್ದೇನನ್ನೋ ಮಾಡುತ್ತಿರುತ್ತದೆ. ಮನುಷ್ಯರು ಕೂರಬೇಕಾದ ಕುರ್ಚಿಯಲ್ಲಿ ಬೆಕ್ಕು ಕೂತಿದೆ, ಅಷ್ಟೇ ತಮಾಷೆ ಎಂದು ನಕ್ಕು ಪುಟ ತಿರುಗಿಸಬಹುದು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ಜನ ಹಾಗೇ ನಕ್ಕು ಮುಂದಿನ ಚಿತ್ರಕ್ಕೆ ಕಾಯುತ್ತಿದ್ದರು.

ಕಾಡು ಗದ್ದೆ ಸುತ್ತಿ ಟಿಪ್ಪಣಿ ಬರೆಯುವ ಚಟ ಹತ್ತಿದವನಿಗೆ ಅಷ್ಟು ಬೇಗ ಪುಟ ತಿರುಗಿಸಲು ಮನಸ್ಸು ಬರುವುದಿಲ್ಲ. ಬೆಳ್ಳಕ್ಕಿ ಹಿಂಡು ಇಳಿದ ಗದ್ದೆಯನ್ನು ಒಟ್ಟಾರೆ ನೋಡಿದರೆ ಬಿಳಿ ಬಣ್ಣ ಬಿಟ್ಟು ಬೇರೇನೂ ದಕ್ಕುವುದಿಲ್ಲ. ಒಂದೇ ಹಕ್ಕಿಯನ್ನು ಹಿಡಿದು ಅದರ ಕೊಕ್ಕು, ಕಾಲು, ಹೆಜ್ಜೆ ಎಂದು ಬಿಡಿಬಿಡಿಯಾಗಿ ನೋಡಬೇಕು. ವೇನನ ಚಿತ್ರಗಳನ್ನೂ ಹಾಗೇ ನೋಡತೊಡಗಿದೆ. ಒಂದು ಸಲಕ್ಕೆ ಬರೀ ಕಿವಿ, ಇನ್ನೊಂದು ಸಲಕ್ಕೆ ಬರೀ ಬಾಲ.

ಪಕ್ಕದಲ್ಲಿಟ್ಟು ಹೋಲಿಸಲು ನಮ್ಮ ಮನೆಯ ಬೆಕ್ಕು ಇತ್ತು. ಮಲೆನಾಡಿನ ಮನೆಗಳಲ್ಲಿ ಬೆಕ್ಕು ಸಾಕುತ್ತಾರೆ ಎನ್ನುವುದಕ್ಕಿಂತ ಬೆಕ್ಕು ಇರುತ್ತದೆ ಎನ್ನುವುದೇ ಸರಿ. ಅಡಿಕೆ ಮೂಟೆ, ಭತ್ತದ ಪಣತ ಇದ್ದಲ್ಲಿ ಇಲಿ ಇರುತ್ತದೆ, ಇಲಿ ಇದ್ದಲ್ಲಿ ಬೆಕ್ಕು. ಅದಕ್ಕೆ ಹಾಲು ಕರೆಯುವ ಹೊತ್ತಿಗೆ ಕರಟದಲ್ಲಿ ಒಂದು ಗುಟುಕು. ನಮ್ಮದು ಬಿಳಿ, ಕಪ್ಪು, ಕೆಂಚು ಮೂರೂ ಬಣ್ಣ ಹೊತ್ತದ್ದು. ಇಂಥ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಕೆಂಚು ಬಣ್ಣದ ಜೀನು ಕೂತಿರುವುದು ಎಕ್ಸ್ ವರ್ಣತಂತುವಿನ ಮೇಲೆ. ಕಪ್ಪು ಮತ್ತು ಕೆಂಚು ಒಂದೇ ಮೈಮೇಲೆ ಬರಬೇಕಾದರೆ ಎಕ್ಸ್ ಎರಡು ಬೇಕು.

ಆವಾಸ

ವೇನ್ ಹುಟ್ಟಿದ್ದು 1860ರ ಆಗಸ್ಟ್ 5ರಂದು, ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ. ತಂದೆ ಬಟ್ಟೆ ವ್ಯಾಪಾರದವನು, ತಾಯಿ ಫ್ರೆಂಚ್ ಮೂಲದವಳು, ಕಸೂತಿ ಮತ್ತು ನೇಯ್ಗೆಯ ವಿನ್ಯಾಸ ಬಲ್ಲವಳು. ಮನೆ ತುಂಬ ಬಣ್ಣದ ನೂಲು, ಬಳ್ಳಿ, ಹೂವಿನ ನಮೂನೆಗಳು ಎಂದು ಇಲ್ಲೇ ಬರೆದಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಹುಡುಗನಿಗೆ ಸೀಳುತುಟಿ. ಹತ್ತು ವರ್ಷ ತುಂಬುವವರೆಗೆ ಶಾಲೆಗೆ ಕಳಿಸಬೇಡಿ ಎಂದು ವೈದ್ಯರು ಹೇಳಿದ್ದರಂತೆ. ಅವನ ಬೆನ್ನಿಗೆ ಐದು ಜನ ತಂಗಿಯರು. ಇಪ್ಪತ್ತರ ವಯಸ್ಸಿಗೆ ತಂದೆ ತೀರಿಕೊಂಡಾಗ ತಾಯಿ ಮತ್ತು ಐವರು ತಂಗಿಯರ ಸಂಸಾರ ಅವನ ಹೆಗಲಿಗೆ ಬಿತ್ತು.

ಹೊಟ್ಟೆಪಾಡಿಗೆ ಅವನು ಮೊದಲು ಬರೆದದ್ದು ಬೆಕ್ಕನ್ನಲ್ಲ. ಪತ್ರಿಕೆಗಳಿಗಾಗಿ ಕೃಷಿ ಪ್ರದರ್ಶನಗಳಿಗೆ ಹೋಗಿ ದನ, ಕುರಿ, ನಾಯಿ, ಹಕ್ಕಿಗಳನ್ನು ಇದ್ದದ್ದು ಇದ್ದ ಹಾಗೆ ಬರೆಯುವುದು ಅವನ ಕೆಲಸವಾಗಿತ್ತು. ಹೋರಿಯ ಭುಜ ತಪ್ಪಾಗಿ ಬರೆದರೆ ಅದನ್ನು ಸಾಕಿದ ರೈತನೇ ಗುರುತು ಹಿಡಿಯುತ್ತಾನೆ. ಈ ಪಾಠಶಾಲೆಯಲ್ಲಿ ಅವನ ಕಣ್ಣು ಪಳಗಿತು. ಮುಂದೆ ಅವನು ಬೆಕ್ಕಿನ ಮೈಯನ್ನು ಎಲ್ಲೆಲ್ಲಿ ತಿರುಚಿದನೋ ಅಲ್ಲೆಲ್ಲ ಸರಿಯಾದದ್ದು ಗೊತ್ತಿದ್ದೇ ತಿರುಚಿದ.

1884ರಲ್ಲಿ ಅವನು ತಂಗಿಯರಿಗೆ ಪಾಠ ಹೇಳಲು ಬರುತ್ತಿದ್ದ ಎಮಿಲಿ ರಿಚರ್ಡ್‌ಸನ್‌ಳನ್ನು ಮದುವೆಯಾದ. ಅವಳು ಅವನಿಗಿಂತ ಹತ್ತು ವರ್ಷ ದೊಡ್ಡವಳು, ಮನೆಯವರಿಗೆ ಒಪ್ಪಿಗೆಯಿರಲಿಲ್ಲ. ಸ್ವಲ್ಪ ದಿನದಲ್ಲೇ ಎಮಿಲಿಗೆ ಸ್ತನದ ಕ್ಯಾನ್ಸರ್. ಮಳೆಯಲ್ಲಿ ನೆನೆದು ಕೂಗುತ್ತಿದ್ದ ಒಂದು ಕಪ್ಪು-ಬಿಳುಪಿನ ಮರಿಯನ್ನು ಇಬ್ಬರೂ ಮನೆಗೆ ತಂದುಕೊಂಡಿದ್ದರು. ಅದರ ಹೆಸರು ಪೀಟರ್. ಹಾಸಿಗೆ ಹಿಡಿದ ಹೆಂಡತಿಯ ಬೇಸರ ಕಳೆಯಲೆಂದು ವೇನ್ ಅದನ್ನು ಬರೆಯುತ್ತ ಕೂತ. ಮಲಗಿದ ಪೀಟರ್, ಎದ್ದ ಪೀಟರ್, ಮೈ ನೆಕ್ಕಿಕೊಳ್ಳುವ ಪೀಟರ್. ಇವನ್ನು ಪತ್ರಿಕೆಗೆ ಕೊಡು ಎಂದು ದುಂಬಾಲು ಬಿದ್ದವಳು ಎಮಿಲಿಯೇ. 1886ರ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಕ್ರಿಸ್‌ಮಸ್ ಸಂಚಿಕೆಯಲ್ಲಿ ಮರಿಬೆಕ್ಕುಗಳ ಹಬ್ಬದ ಚಿತ್ರ ಬಂತು. ಹನ್ನೊಂದು ಚೌಕಗಳಲ್ಲಿ 150 ಬೆಕ್ಕುಗಳು; ಆಮಂತ್ರಣ ಬರೆಯುವವು, ಕುಣಿಯುವವು, ಭಾಷಣ ಬಿಗಿಯುವವು. ಮರುವರ್ಷ, 1887ರಲ್ಲಿ, ಎಮಿಲಿ ತೀರಿಕೊಂಡಳು.

ಈ 1886ರ ಚಿತ್ರವನ್ನು ಹತ್ತಿರದಿಂದ ನೋಡಬೇಕು. ಇಲ್ಲಿನ ಬೆಕ್ಕುಗಳ ಮೈಮೇಲೆ ಬಟ್ಟೆಯಿಲ್ಲ. ಅವು ಮಾಡುತ್ತಿರುವುದು ಮನುಷ್ಯರ ಕೆಲಸವಾದರೂ ಮೈ ಬೆಕ್ಕಿನದೇ, ನಡಿಗೆ ನಾಲ್ಕು ಕಾಲಿನದೇ. ಮುಂದೆ ಮನೆಮಾತಾದ ನಗೆಮೊಗದ, ಕೋಟು ತೊಟ್ಟ, ಎರಡು ಕಾಲಿನ ಬೆಕ್ಕು ಇನ್ನೂ ಹುಟ್ಟಿಲ್ಲ.

ಆ ಕಾಲದ ಲಂಡನ್ನಿನಲ್ಲಿ ನಿಜವಾದ ಬೆಕ್ಕಿನ ಸ್ಥಾನಮಾನ ನಮ್ಮ ಪಣತದ ಬೆಕ್ಕಿನದಕ್ಕಿಂತ ಹೆಚ್ಚೇನೂ ಇರಲಿಲ್ಲ. ಇಲಿ ಹಿಡಿಯುವ ಆಳು ಅದು. ಕುದುರೆ ಮಾಂಸದ ತುಂಡುಗಳನ್ನು ಕಡ್ಡಿಗೆ ಚುಚ್ಚಿಕೊಂಡು ಬೀದಿಬೀದಿ ತಿರುಗುವ ಮಾರಾಟಗಾರರಿದ್ದರು; ಅವರ ಕೂಗು ಕೇಳಿದರೆ ಬೆಕ್ಕುಗಳು ಬಾಗಿಲಿಗೆ ಓಡಿ ಬರುತ್ತಿದ್ದವು. ಬೆಕ್ಕನ್ನೂ ಅಂದಕ್ಕಾಗಿ ನೋಡಬಹುದು ಎಂದು ತೋರಿಸಲು ಹ್ಯಾರಿಸನ್ ವಿಯರ್ ಎಂಬ ಇನ್ನೊಬ್ಬ ಚಿತ್ರಕಾರ 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬೆಕ್ಕಿನ ಪ್ರದರ್ಶನ ಏರ್ಪಡಿಸಿದ. 1887ರಲ್ಲಿ ನ್ಯಾಷನಲ್ ಕ್ಯಾಟ್ ಕ್ಲಬ್ ಶುರುವಾಯಿತು. ಅದಕ್ಕೆ ವಿಯರ್ ಮೊದಲ ಅಧ್ಯಕ್ಷ. ಅವನ ನಂತರ ಆ ಕುರ್ಚಿಯಲ್ಲಿ ಕೂತವನು ವೇನ್.

ಕಾಲು

*ಅಡುಗೆ ಮನೆ. ಮಧ್ಯಾಹ್ನ, ಹೊರಗೆ ಜಡಿಮಳೆ.* ಬೆಕ್ಕು ನೆಲುವಿನ ಕೆಳಗೆ ಬಂದು ಕೂತಿತು. ಮೇಲೆ ಮೊಸರಿನ ಗಡಿಗೆ. ಕತ್ತು ಎತ್ತಿ ನೋಡಿತು, ಮುಂಗಾಲು ಎತ್ತಿತು, ಹಿಂಗಾಲ ಮೇಲೆ ಪೂರ್ತಿ ನಿಂತಿತು. ಹೊಟ್ಟೆಯ ಬಿಳಿ ಕಂಡಿತು. ಮುಂಗಾಲು ಎದೆಯ ಮುಂದೆ ಜೋತುಬಿದ್ದಿವೆ. ಸೊಂಟ ನಡುಗುತ್ತಿದೆ. ಮೂಗು ಎರಡು ಸಲ ಆಡಿತು. ಅಷ್ಟೇ, ಮತ್ತೆ ನಾಲ್ಕು ಕಾಲಿಗೆ ಇಳಿಯಿತು.

ಬೆಕ್ಕು ಎರಡು ಕಾಲಲ್ಲಿ ನಿಲ್ಲುತ್ತದೆ, ಆದರೆ ಅದು ನೋಡುವುದಕ್ಕೆ ನಿಲ್ಲುವುದು, ನಿಂತು ಬಾಳುವುದಕ್ಕಲ್ಲ. ನಾವು ಅದರ ಪಾದ ಎಂದುಕೊಂಡಿರುವುದು ಬರೀ ಬೆರಳುಗಳು. ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿದ ಮೂಲೆಯೇ ಅದರ ಹಿಮ್ಮಡಿ, ನಡೆಯುವಾಗ ಅದು ನೆಲ ಮುಟ್ಟುವುದಿಲ್ಲ. ಕತ್ತುಪಟ್ಟಿಯ ಎಲುಬು ಸಣ್ಣದೊಂದು ಕಡ್ಡಿಯಷ್ಟಿದ್ದು ಬೇರೆ ಎಲುಬಿಗೆ ಅಂಟಿಕೊಳ್ಳದೆ ಸ್ನಾಯುಗಳ ನಡುವೆ ತೇಲುತ್ತದೆ. ಸಂದಿಯಲ್ಲಿ ನುಸುಳಲು ಅದರಿಂದ ಅನುಕೂಲ. ನಮ್ಮಂತೆ ತೋಳು ಬೀಸಿ ಅಪ್ಪಿಕೊಳ್ಳಲು ಅನುಕೂಲವಿಲ್ಲ. ಹೆಬ್ಬೆರಳು ಮಿಕ್ಕ ಬೆರಳುಗಳಿಗೆ ಎದುರಾಗಿ ಬರುವುದಿಲ್ಲ, ಹಾಗಾಗಿ ಕಪ್ಪಿನ ಕಿವಿ ಹಿಡಿಯುವುದು ಅದರಿಂದಾಗದ ಮಾತು.

ವೇನ್ ಇದನ್ನೆಲ್ಲ ಹೇಗೆ ದಾಟಿದ? ಸುಮ್ಮನೆ ದಾಟಿದ. ಅವನ ಬೆಕ್ಕು ಹಿಮ್ಮಡಿ ಊರಿ ನಿಲ್ಲುತ್ತದೆ, ಗಾಲ್ಫ್ ಕೋಲು ಬೀಸುತ್ತದೆ, ಇಸ್ಪೀಟು ಎಲೆ ಹಿಡಿಯುತ್ತದೆ. ಬೆರಳು ಬರೆಯುವ ಗೋಜಿಗೆ ಹೋಗದೆ ದುಂಡು ಪಂಜಕ್ಕೆ ಕಪ್ಪನ್ನು ಅಂಟಿಸಿಬಿಡುತ್ತಾನೆ. ಅದು ಬೀಳಬೇಕಲ್ಲ ಎಂದು ನೋಡುವವನಿಗೆ ಅನ್ನಿಸುವುದೇ ಇಲ್ಲ, ಏಕೆಂದರೆ ನೋಡುವವನ ಕಣ್ಣು ಅಷ್ಟರಲ್ಲಿ ಮುಖಕ್ಕೆ ಹೋಗಿರುತ್ತದೆ.

ಇದೇ ತೊಡಕನ್ನು ಅದೇ ಕಾಲದ ಇನ್ನೊಬ್ಬ ಚಿತ್ರಗಾರ್ತಿ ಬೇರೆ ದಾರಿಯಲ್ಲಿ ಬಿಡಿಸಿದಳು. ಬಿಯಾಟ್ರಿಕ್ಸ್ ಪಾಟರ್ ಅಣಬೆಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ವರ್ಷಗಟ್ಟಲೆ ನೋಡಿದವಳು. ಅಣಬೆಯ ಬೀಜಕಣ ಮೊಳೆಯುವ ಬಗ್ಗೆ ಅವಳು ಬರೆದ ಪ್ರಬಂಧವನ್ನು 1897ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಅವಳ ಗೈರುಹಾಜರಿಯಲ್ಲೇ ಮಂಡಿಸಲಾಯಿತು; ಹೆಂಗಸರಿಗೆ ಆ ಸಭೆಗೆ ಪ್ರವೇಶವಿರಲಿಲ್ಲ. 1907ರಲ್ಲಿ ಬಂದ ಅವಳ ಟಾಮ್ ಕಿಟನ್ ಕಥೆಯಲ್ಲಿ ಚಹಾಕ್ಕೆ ನೆಂಟರು ಬರುತ್ತಾರೆಂದು ತಾಯಿಬೆಕ್ಕು ಮೂರು ಮರಿಗಳಿಗೆ ಒಳ್ಳೆಯ ಬಟ್ಟೆ ತೊಡಿಸಿ, ಬಟ್ಟೆ ಕೊಳೆಯಾಗದಂತೆ ಹಿಂಗಾಲ ಮೇಲೆ ನಡೆಯಿರಿ ಎಂದು ಹೇಳಿ ಹೊರಗೆ ಬಿಡುತ್ತದೆ. ಮರಿಗಳು ಮುಗ್ಗರಿಸುತ್ತವೆ, ಟಾಮನ ಗುಂಡಿ ಕಿತ್ತುಹೋಗುತ್ತದೆ, ಕಡೆಗೆ ಬಟ್ಟೆಯೆಲ್ಲ ಬಾತುಕೋಳಿಗಳ ಪಾಲಾಗುತ್ತದೆ. ಬಟ್ಟೆ ಕಳಚಿದ ಕೂಡಲೇ ಮರಿಗಳು ಮತ್ತೆ ಬೆಕ್ಕಿನ ಮರಿಗಳು. ಪಾಟರ್‌ಳ ಲೋಕದಲ್ಲಿ ಎರಡು ಕಾಲಿನ ನಡಿಗೆ ತಾಯಿಯ ಅಪ್ಪಣೆ, ಬೆಕ್ಕಿನ ಮೈ ಅದನ್ನು ಪಾಲಿಸುವುದಿಲ್ಲ. ವೇನನ ಲೋಕದಲ್ಲಿ ಆ ಮೈಯ ತಕರಾರೇ ಇಲ್ಲ.

ಮನೆಯೊಳಗಿನ ಜೀವಿಗಳನ್ನು ನಗುತ್ತ ನೋಡುವ ಈ ಗೀಳು ನಮ್ಮ ಕರಾವಳಿಗೂ ಬಂದಿತ್ತು. ಮುಂಬಯಿ ಪ್ರಾಂತ್ಯದ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕೆನ್ ಉತ್ತರ ಕನ್ನಡದಲ್ಲೂ ಕೆಲಸ ಮಾಡಿದವನು. 1883ರ ಅವನ ಪುಸ್ತಕದಲ್ಲಿ ಬಂಗಲೆಯ ಇಲಿ, ಹಲ್ಲಿ, ಇರುವೆ, ಕಾಗೆಗಳೆಲ್ಲ ಗಡಿಯಾಚೆಯಿಂದ ದಾಳಿಯಿಡುವ ಬುಡಕಟ್ಟುಗಳು. ಮ್ಯಾಕ್ರೇ ಎಂಬವನು ಅದಕ್ಕೆ ಚಿತ್ರ ಬರೆದ. ಏಟ್ಕೆನ್ ಇಲಿಗೆ ಅಂಗಿ ತೊಡಿಸಲಿಲ್ಲ. ಅದರ ಕಳ್ಳತನವನ್ನು ನೋಡಿದ ಹಾಗೆ ಬರೆದ, ನಗು ತಾನಾಗಿ ಬಂತು.

ಬಾಲ

*ಜಗಲಿ. ಸಂಜೆ, ದನ ಬರುವ ಹೊತ್ತು.* ಬೆಕ್ಕು ಅಂಗಳದಾಚೆಯಿಂದ ಬಂತು. ನನ್ನನ್ನು ಕಂಡ ಕೂಡಲೇ ಬಾಲ ನೆಟ್ಟಗಾಯಿತು. ತುದಿ ಮಾತ್ರ ಕೊಂಕಿ ಪ್ರಶ್ನಾರ್ಥಕ ಚಿಹ್ನೆಯಾಗಿದೆ. ಹಿಂದೆ ಬಂದ ಮರಿಗಳೆರಡರ ಬಾಲವೂ ಹಾಗೇ.

ಎತ್ತಿದ ಬಾಲ ಬೆಕ್ಕುಗಳ ನಮಸ್ಕಾರ. ಮರಿ ತಾಯಿಯ ಹತ್ತಿರ ಹೋಗುವಾಗ ಹಾಗೆ ಎತ್ತುತ್ತದೆ, ದೊಡ್ಡದಾದ ಮೇಲೆ ಒಗ್ಗಿದ ಬೆಕ್ಕಿಗೂ ಒಗ್ಗಿದ ಮನುಷ್ಯನಿಗೂ ಅದನ್ನೇ ತೋರಿಸುತ್ತದೆ. ಸಿಟ್ಟು ಬಂದರೆ ಬಾಲ ಆಚೀಚೆ ಬಡಿಯುತ್ತದೆ, ಹೆದರಿದರೆ ಕೂದಲು ನಿಮಿರಿ ದಪ್ಪಗಾಗುತ್ತದೆ. ಬೆಕ್ಕಿನ ಮನಸ್ಸಿನ ಅರ್ಧ ಸುದ್ದಿ ಬಾಲದಲ್ಲೇ ಇದೆ.

ಈ ಚಿತ್ರಗಳನ್ನು ಜಗಲಿಯಲ್ಲಿ ಹರವಿಕೊಂಡು ಕೂತಿದ್ದಾಗ ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಬಂದು ಬಗ್ಗಿ ನೋಡಿದರು.

“ಇದರ ಬಾಲ ಎಲ್ಲಿ ಹೋಯ್ತೋ?”

“ಕೋಟಿನೊಳಗೆ ಇರಬೇಕು ದೊಡ್ಡಮ್ಮ.”

“ಹಂಗಾದ್ರೆ ಕುರ್ಚಿ ಮೇಲೆ ಹೆಂಗೆ ಕೂತ್ಕಳತ್ತೆ? ಬಾಲದ ಮೇಲೆ ಕೂತ್ರೆ ಬೆಕ್ಕು ಸುಮ್ನಿರತ್ತಾ?”

ಅವರ ಪ್ರಶ್ನೆ ಹಿಡಿದುಕೊಂಡು ಮತ್ತೆ ಒಂದೊಂದೇ ಚಿತ್ರ ನೋಡಿದೆ. ಬರೀ ಮೈಯ ಬೆಕ್ಕುಗಳಿಗೆ ವೇನ್ ಒಳ್ಳೆಯ, ದಪ್ಪ, ಜೀವಂತ ಬಾಲ ಕೊಡುತ್ತಾನೆ. ಬಟ್ಟೆ ಹೆಚ್ಚಾದ ಹಾಗೆ ಬಾಲದ ಕೆಲಸ ಕಡಿಮೆ. ಕೆಲವು ಕಡೆ ಕೋಟಿನ ಹಿಂದಿನಿಂದ ಇಣುಕುತ್ತದೆ, ಹಲವು ಕಡೆ ಇಲ್ಲವೇ ಇಲ್ಲ. ಬಾಲ ಹೇಳಬೇಕಾದ್ದನ್ನೆಲ್ಲ ಮುಖವೇ ಹೇಳಿ ಮುಗಿಸಿರುವುದರಿಂದ ಚಿತ್ರಕಾರನಿಗೆ ಅದು ಬೇಡವಾಗಿದೆ.

ಬಾಯಿ

ದೊಡ್ಡಮ್ಮ ಇನ್ನೊಂದು ಮಾತೂ ಅಂದರು: “ಇದು ನಗ್ತಾ ಇರೋದಲ್ಲ ಕಣೋ, ಹಲ್ಲು ಕಿರೀತಾ ಇರೋದು. ನಮ್ಮ ಬೆಕ್ಕು ಹಿಂಗೆ ಬಾಯಿ ಮಾಡಿದ್ರೆ ನಾನು ಹತ್ರ ಹೋಗಲ್ಲ.”

ಬೆಕ್ಕು ಹಲ್ಲು ಕಾಣುವ ಹಾಗೆ ಬಾಯಿ ತೆರೆಯುವ ಸಂದರ್ಭಗಳು ಕೆಲವೇ. ಆಕಳಿಸುವಾಗ, ತಿನ್ನುವಾಗ, ಕೂಗುವಾಗ, ಬುಸುಗುಟ್ಟುವಾಗ. ಇನ್ನೊಂದು ವಿಚಿತ್ರ ಸಂದರ್ಭವಿದೆ. ಬೇರೆ ಬೆಕ್ಕು ಉಚ್ಚೆ ಹೊಯ್ದ ಜಾಗ ಮೂಸಿದ ಮೇಲೆ ಮೇಲ್ದುಟಿ ಎತ್ತಿ, ಬಾಯಿ ಅರ್ಧ ತೆರೆದು, ದಿಗ್ಭ್ರಮೆ ಹಿಡಿದ ಹಾಗೆ ಕ್ಷಣಕಾಲ ಕೂರುತ್ತದೆ. ಅಂಗುಳಿನಲ್ಲಿರುವ ಜೇಕಬ್ಸನ್ ಅಂಗಕ್ಕೆ ವಾಸನೆಯನ್ನು ಒಯ್ಯುವ ವಿಧಾನ ಅದು. ನೋಡಿದವರಿಗೆ ನಕ್ಕ ಹಾಗೋ ಹೇಸಿದ ಹಾಗೋ ಕಾಣುತ್ತದೆ.

ಸುಖವಾಗಿರುವ ಬೆಕ್ಕು ಹೇಗಿರುತ್ತದೆ ಎಂದರೆ: *ಬಚ್ಚಲು ಮನೆ. ಬೆಳಗಿನ ಚಳಿ.* ಹಂಡೆಯ ಒಲೆ ಆರಿ ಬೂದಿ ಬೆಚ್ಚಗಿದೆ. ಒಲೆಯ ಬಾಯಲ್ಲಿ ಮೈ ಮುದುಡಿ ಕೂತಿದೆ. ಕಣ್ಣು ಮುಕ್ಕಾಲು ಮುಚ್ಚಿದೆ. ನಾನು ನೋಡಿದೆ, ನಿಧಾನ ಕಣ್ಣು ಮುಚ್ಚಿ ತೆರೆಯಿತು. ಬಾಯಿ ಬಿಗಿಯಾಗಿ ಮುಚ್ಚಿದೆ. ಗುರುಗುಟ್ಟುವುದು ಹತ್ತಿರ ಹೋದರೆ ಮಾತ್ರ ಕೇಳುತ್ತದೆ.

ಇದನ್ನು ಹೀಗೇ ಬರೆದರೆ ಪತ್ರಿಕೆಯ ಓದುಗನಿಗೆ ಕಾಣುವುದು ಮಲಗಿದ ಒಂದು ಬೆಕ್ಕು. ವೇನ್ ಪೀಟರನನ್ನು ಹೀಗೆ ಎಷ್ಟೋ ಸಲ ಬರೆದಿದ್ದವನೇ. ಹಾಸ್ಯಚಿತ್ರಕ್ಕೆ ಬಂದಾಗ ಬೆಕ್ಕಿನ ಸುಖವನ್ನು ಬಿಟ್ಟು ಮನುಷ್ಯನ ಸುಖವನ್ನು ಬೆಕ್ಕಿನ ಮುಖಕ್ಕೆ ತಂದ. ಬೆಕ್ಕಿನ ಬಾಯಲ್ಲಿರುವುದು 30 ಹಲ್ಲು. ಮುಂದಿನವು ಅಕ್ಕಿನುಚ್ಚಿನಷ್ಟು, ಪಕ್ಕದ ಕೋರೆ ಮಾತ್ರ ಎದ್ದು ಕಾಣುವಂಥದ್ದು. ವೇನನ ಬೆಕ್ಕು ನಕ್ಕರೆ ಸಾಲಾಗಿ ಜೋಡಿಸಿದ ಹಲ್ಲು ಕಾಣುತ್ತದೆ, ನೆಂಟರ ಮದುವೆಯಲ್ಲಿ ಬೀಗರು ನಕ್ಕಾಗ ಕಾಣುತ್ತದಲ್ಲ, ಅಷ್ಟು. ಕಣ್ಣೂ ಹಾಗೆಯೇ. ಓರೆನೋಟ ಬೀರುವ ಬೆಕ್ಕು ಅವನ ಚಿತ್ರದಲ್ಲಿ ಹೆಜ್ಜೆಗೊಂದು. ನಿಜವಾದ ಬೆಕ್ಕು ಪಕ್ಕದ್ದನ್ನು ನೋಡಬೇಕಾದರೆ ಕತ್ತನ್ನೇ ತಿರುಗಿಸುತ್ತದೆ. ಗುಟ್ಟಾಗಿ ನೋಡಬೇಕಾದರೆ ಕಿವಿ ತಿರುಗಿಸುತ್ತದೆ.

ಕಿವಿ

ಕಿವಿಯ ವಿಷಯದಲ್ಲಿ ವೇನ್ ಮೋಸ ಮಾಡಿಲ್ಲ. ಎಷ್ಟೇ ಬಟ್ಟೆ ತೊಡಿಸಲಿ, ಎಷ್ಟೇ ನಗಿಸಲಿ, ತಲೆಯ ಮೇಲೆ ಎರಡು ಮುಕ್ಕೋನ ಇದ್ದಲ್ಲೇ ಇರುತ್ತವೆ. ಟೋಪಿ ಬಂದರೆ ಸಾಮಾನ್ಯವಾಗಿ ಕಿವಿಗಳ ನಡುವೆ ಕೂರುತ್ತದೆಯೇ ಹೊರತು ಕಿವಿಯನ್ನು ಮುಚ್ಚುವುದಿಲ್ಲ. ಚಿತ್ರದ ಮೇಲೆ ಒಂದು ಕಾಗದದ ಪಟ್ಟಿಯನ್ನಿಟ್ಟು ಕಿವಿಗಳನ್ನಷ್ಟೇ ಮುಚ್ಚಿ ನೋಡಿದೆ. ಕೆಳಗೆ ಉಳಿದದ್ದು ಮೀಸೆಯ ಮಾವಂದಿರು, ಕಟ್ಟುನಿಟ್ಟಿನ ಮೇಷ್ಟರು, ಚಾಡಿ ಹೇಳುವ ಅಕ್ಕಂದಿರು. ಪಟ್ಟಿಯನ್ನು ಕೆಳಗೆ ಸರಿಸಿ ಮುಖ ಮುಚ್ಚಿದೆ. ಮೇಲೆ ಉಳಿದದ್ದು ಬೆಕ್ಕು, ಅನುಮಾನವೇ ಇಲ್ಲದ ಬೆಕ್ಕು.

ಬೆಕ್ಕಿನ ಎರಡು ಕಿವಿಗಳೂ ಒಂದರ ಹಂಗಿಲ್ಲದೆ ಇನ್ನೊಂದು ತಿರುಗಬಲ್ಲವು. ಇಲಿಯ ಕಿಚಕಿಚ ಎಲ್ಲಿಂದ ಬಂತೆಂದು ಗುರುತಿಸಲು ಅದಕ್ಕೆ ಅವೇ ಮುಖ್ಯ ಸಾಧನ. ವೇನನ ಬೆಕ್ಕುಗಳಿಗೆ ಇಲಿ ಹಿಡಿಯುವ ಕೆಲಸವಿಲ್ಲ. ಆದರೂ ಅವನು ಕಿವಿಯನ್ನು ಮುಟ್ಟಲಿಲ್ಲ. ಬೆಕ್ಕು ಎಂಬ ಗುರುತು ಉಳಿಯಲು ಕನಿಷ್ಠ ಎಷ್ಟು ಬೆಕ್ಕು ಬೇಕು ಎಂಬ ಅಳತೆ ಅವನಿಗೆ ಗೊತ್ತಿತ್ತು.

ಸಂಸಾರ

*ಅಟ್ಟ, ಆಮೇಲೆ ಹುಲ್ಲಿನ ಕೊಟ್ಟಿಗೆ, ಆಮೇಲೆ ಸೌದೆ ಮನೆ.* ಬೆಕ್ಕು ಮರಿ ಹಾಕಿದರೆ ಏಳು ಮನೆ ಸುತ್ತಿಸುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಏಳೋ ಮೂರೋ, ಸುತ್ತಿಸುವುದಂತೂ ನಿಜ. ತಾಯಿ ಮರಿಯ ಕತ್ತಿನ ಹಿಂದಿನ ಚರ್ಮ ಕಚ್ಚಿ ಎತ್ತಿದ ಕೂಡಲೇ ಮರಿ ಕೈಕಾಲು ಮಡಚಿ, ಬಾಲ ಒಳಗೆಳೆದು, ಸತ್ತ ಹಾಗೆ ಜೋತುಬೀಳುತ್ತದೆ. ತಾನೇ ತಾಯಿಯನ್ನು ಹಿಡಿದುಕೊಳ್ಳುವ ಪ್ರಯತ್ನ ಅದರದೇನೂ ಇಲ್ಲ. ಭಕ್ತನೂ ದೇವರ ಮುಂದೆ ಹೀಗಿರಬೇಕು ಎಂದು ಶ್ರೀವೈಷ್ಣವರು ಮಾರ್ಜಾಲ ಕಿಶೋರ ನ್ಯಾಯ ಹೇಳಿದರು. ಅದನ್ನು ಮೊದಲು ಹೇಳಿದವರು ಯಾರೇ ಇರಲಿ, ಬೆಕ್ಕು ಮರಿ ಸಾಗಿಸುವುದನ್ನು ನಿಂತು ನೋಡಿದವರು.

ಮರಿಯ ಕಣ್ಣು ತೆರೆಯಲು ಒಂದು ವಾರದಿಂದ ಹತ್ತು ದಿನ. ತಿಂಗಳಾಗುವ ಹೊತ್ತಿಗೆ ತಾಯಿ ಇಲಿ ತರಲು ಶುರುಮಾಡುತ್ತದೆ. ಮೊದಲು ಸತ್ತದ್ದು, ಬರಬರುತ್ತ ಅರೆಜೀವದ್ದು. ಇಷ್ಟು ಹೊತ್ತೂ ತಂದೆ ಎಂಬುವನ ಸುಳಿವಿಲ್ಲ. ಗಂಡುಬೆಕ್ಕು ಬೇಲಿಯಾಚೆ ಕೂಗಿ ಹೋಗುತ್ತದೆ. ಅದು ಹತ್ತಿರ ಬಂದರೆ ತಾಯಿಯೇ ಓಡಿಸುತ್ತದೆ. ಒಂದೇ ಕೊಟ್ಟಿಗೆಯಲ್ಲಿ ಹಲವು ಬೆಕ್ಕುಗಳಿದ್ದರೆ ಗುಂಪು ಕಟ್ಟುವುದು ತಾಯಿ, ಮಗಳು, ಅಕ್ಕ, ತಂಗಿ. ಒಂದರ ಮರಿಗೆ ಇನ್ನೊಂದು ಹಾಲೂಡಿಸುವುದೂ ಉಂಟು.

ವೇನನ ಬೆಕ್ಕಿನ ಸಂಸಾರದಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಅಪ್ಪ ಇದ್ದಾನೆ, ಹಬ್ಬದ ಊಟವಿದೆ, ಕ್ರಿಸ್‌ಮಸ್ ಹಾಡು ಹೇಳುವ ಗುಂಪಿದೆ, ಶಾಲೆಯಲ್ಲಿ ಹಿಂದಿನ ಬೆಂಚಿನ ತಂಟೆಕೋರರಿದ್ದಾರೆ, ಕಡಲತೀರಕ್ಕೆ ಹೋಗಿ ಒದ್ದೆಯಾಗಿ ಬರುವವರಿದ್ದಾರೆ. ಇಂಗ್ಲೆಂಡಿನ ಮಧ್ಯಮವರ್ಗ ವರ್ಷವಿಡೀ ಏನೇನು ಮಾಡುತ್ತಿತ್ತೋ ಅದರ ದಿನಚರಿ ಇದು. ಉಪಾಹಾರ ಗೃಹದಲ್ಲೋ ಬೇರೆ ಜನಸೇರುವ ಜಾಗದಲ್ಲೋ ಪುಸ್ತಕ ಹಿಡಿದು ಕೂತು, ಕಂಡ ಜನರನ್ನು ಅವರವರ ಹಾವಭಾವ ಬಿಡದೆ ಬೆಕ್ಕುಗಳಾಗಿ ಬರೆದುಕೊಳ್ಳುತ್ತೇನೆ ಎಂದು ಅವನೇ ಹೇಳಿಕೊಂಡಿದ್ದ. ಹೆಸರಾದ ಮೇಲಿನ ಅವನ ಬೆಕ್ಕುಗಳು ಮಾಂಸದ ಕಡ್ಡಿಗೆ ಓಡುವ ಬೀದಿಬೆಕ್ಕುಗಳನ್ನು ನೋಡಿ ಬರೆದವಲ್ಲ. ಚಹಾ ಕುಡಿಯುವವರ ನಡುವೆ ಅಲುಗಾಡದೆ ಕೂತು, ಯಾರು ಯಾರನ್ನು ಓರೆಗಣ್ಣಿನಲ್ಲಿ ನೋಡುತ್ತಾರೆ ಎಂದು ಕಾದು ಬರೆದವು. ನಾವು ಕೆರೆಯಂಚಿನಲ್ಲಿ ಮಾಡುವುದೂ ಇದೇ ಕೆಲಸ. ಅವನು ಆರಿಸಿಕೊಂಡ ಪ್ರಾಣಿ ಬೇರೆ.

ಇದರ ನಡುವೆ ಅವನ ಸ್ವಂತ ಮನೆ ಹೇಗಿತ್ತು? ಎಮಿಲಿ ಸತ್ತ ಮೇಲೆ ಅವನು ಮರುಮದುವೆಯಾಗಲಿಲ್ಲ. ಕೆಂಟ್ ಸೀಮೆಯ ವೆಸ್ಟ್‌ಗೇಟ್ ಎಂಬ ಕಡಲೂರಿನಲ್ಲಿ ತಾಯಿ ಮತ್ತು ತಂಗಿಯರ ಜೊತೆ ವರ್ಷಗಟ್ಟಲೆ ಇದ್ದ. ತಂಗಿಯರಲ್ಲಿ ಒಬ್ಬರಿಗೂ ಮದುವೆಯಾಗಲಿಲ್ಲ. ಅಪ್ಪ ಕೂತು ಮಕ್ಕಳನ್ನು ಗದರಿಸುವ ಸಂಸಾರವನ್ನು ಸಾಲುಸಾಲಾಗಿ ಬರೆದವನ ಮನೆ ತಾಯಿ-ಹೆಣ್ಣುಮಕ್ಕಳ ಮನೆ. ಕೊಟ್ಟಿಗೆಯ ನಿಜವಾದ ಬೆಕ್ಕುಗಳ ಸಂಸಾರಕ್ಕೆ ಅದೇ ಹೆಚ್ಚು ಹತ್ತಿರ.

ಬೇಡಿಕೆಗೆ ಕೊರತೆಯಿರಲಿಲ್ಲ. 1901ರಿಂದ 1915ರವರೆಗೆ ‘ಲೂಯಿ ವೇನ್ ಆನ್ಯುಯಲ್’ ಹೆಸರಿನ ವಾರ್ಷಿಕಗಳು ಬಂದವು. 1902ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಕಾರ್ಡಿನ ಒಂದೇ ಬದಿಯಲ್ಲಿ ವಿಳಾಸವನ್ನೂ ಒಕ್ಕಣೆಯನ್ನೂ ಬರೆಯಲು ಬಿಟ್ಟಿತು; ಇನ್ನೊಂದು ಬದಿ ಪೂರ್ತಿ ಚಿತ್ರಕ್ಕೆ ಸಿಕ್ಕಿತು. ಅರ್ಧ ಪೆನ್ನಿಯ ಅಂಚೆಯಲ್ಲಿ ವೇನನ ಬೆಕ್ಕುಗಳು ಊರೂರು ಸುತ್ತಿದವು. ಆದರೆ ಅವನು ಹಕ್ಕುಸ್ವಾಮ್ಯ ಇಟ್ಟುಕೊಳ್ಳದೆ ಚಿತ್ರವನ್ನು ಒಂದೇ ಕಂತಿಗೆ ಮಾರಿಬಿಡುತ್ತಿದ್ದ. ಎಷ್ಟು ಸಲ ಅಚ್ಚಾದರೂ ಅವನಿಗೆ ಬರುವುದು ಮೊದಲ ಸಲದ ಹಣ ಮಾತ್ರ. 1907ರಲ್ಲಿ ನ್ಯೂಯಾರ್ಕಿಗೆ ಹೋಗಿ ಹರ್ಸ್ಟ್ ಪತ್ರಿಕೆಗಳಿಗೆ ಬರೆದ. 1910ರಲ್ಲಿ ತಾಯಿ ತೀರಿಕೊಂಡಾಗ ಮರಳಿದ, ಜೇಬು ಖಾಲಿ. ಮಹಾಯುದ್ಧ ಬಂತು, ಕಾಗದ ತುಟ್ಟಿಯಾಯಿತು, ಬೆಕ್ಕಿನ ತಮಾಷೆಗೆ ಗಿರಾಕಿ ಕಡಿಮೆಯಾದರು.

ದಿನಾಂಕ

ಜೀರುಂಡೆ ಸಂಗ್ರಹಿಸುವವರು ಹೊಸಬರಿಗೆ ಮೊದಲು ಕಲಿಸುವುದು ಚೀಟಿ ಬರೆಯುವುದನ್ನು. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು. ಚೀಟಿ ಇಲ್ಲದ ಜೀರುಂಡೆ ಎಷ್ಟೇ ಅಂದವಾಗಿದ್ದರೂ ಅದರಿಂದ ಋತುಮಾನದ ಬಗ್ಗೆಯಾಗಲಿ ನೆಲೆಯ ಬಗ್ಗೆಯಾಗಲಿ ಏನನ್ನೂ ಹೇಳಲಾಗದು.

1924ರಲ್ಲಿ ವೇನನನ್ನು ಮನೋರೋಗಿ ಎಂದು ದಾಖಲಿಸಿ ಟೂಟಿಂಗಿನ ಸ್ಪ್ರಿಂಗ್‌ಫೀಲ್ಡ್ ಆಸ್ಪತ್ರೆಯ ಬಡವರ ವಾರ್ಡಿಗೆ ಸೇರಿಸಲಾಯಿತು. ಅನುಮಾನ, ಸಿಟ್ಟು ಹೆಚ್ಚಿ ತಂಗಿಯರಿಗೆ ಅವನನ್ನು ನೋಡಿಕೊಳ್ಳುವುದು ಅಸಾಧ್ಯವಾಗಿತ್ತು. ಮರುವರ್ಷ ಡ್ಯಾನ್ ರೈಡರ್ ಎಂಬ ಪುಸ್ತಕ ವ್ಯಾಪಾರಿ ಅಲ್ಲಿ ಬೆಕ್ಕು ಬರೆಯುತ್ತ ಕೂತವನ ಗುರುತು ಹಿಡಿದ. ನಿಧಿ ಸಂಗ್ರಹವಾಯಿತು, ಲೇಖಕ ಎಚ್. ಜಿ. ವೆಲ್ಸ್ ಜನರಲ್ಲಿ ಬೇಡಿಕೊಂಡ, ರಾಜಕಾರಣಿ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಕೂಡ ನೆರವಾದ. ವೇನನನ್ನು ಬೆತ್ಲೆಮ್ ಆಸ್ಪತ್ರೆಗೆ, 1930ರಲ್ಲಿ ಅಲ್ಲಿಂದ ಸೇಂಟ್ ಆಲ್ಬನ್ಸ್ ಹತ್ತಿರದ ನ್ಯಾಪ್ಸ್‌ಬರಿಗೆ ಒಯ್ದರು. ಅಲ್ಲಿ ತೋಟವಿತ್ತು, ಬೆಕ್ಕುಗಳಿದ್ದವು. 1939ರ ಜುಲೈ 4ರಂದು ತೀರಿಕೊಂಡ.

ಮನೋವೈದ್ಯ ವಾಲ್ಟರ್ ಮ್ಯಾಕ್ಲೆಗೆ ಲಂಡನ್ನಿನ ನಾಟಿಂಗ್ ಹಿಲ್ಲಿನ ಅಂಗಡಿಯೊಂದರಲ್ಲಿ ವೇನನ ಎಂಟು ಚಿತ್ರಗಳು ಸಿಕ್ಕವು. ಒಂದು ಮೃದು ಕೂದಲಿನ ಸಾಧಾರಣ ಬೆಕ್ಕು. ಒಂದರಲ್ಲಿ ಕಣ್ಣು ದಿಟ್ಟಿಸುತ್ತಿದೆ. ಒಂದರ ಸುತ್ತ ಬಣ್ಣದ ಗೆರೆಗಳು ಕಂಪಿಸುತ್ತಿವೆ. ಕೊನೆಯವು ಬರೀ ನಮೂನೆ. ಬೆಕ್ಕು ಎಲ್ಲಿದೆ ಎಂದು ಹುಡುಕಬೇಕು. ಮ್ಯಾಕ್ಲೆ ಇವನ್ನು ಸಾಧಾರಣದಿಂದ ವಿಚಿತ್ರದ ಕಡೆಗೆ ಸಾಲಾಗಿ ಜೋಡಿಸಿ, ಕಾಯಿಲೆ ಏರುತ್ತ ಹೋದ ಬಗೆ ಇದು ಎಂದು ತೋರಿಸಿದ. ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಆ ಸಾಲು ದಶಕಗಟ್ಟಲೆ ಅಚ್ಚಾಯಿತು. ನೋಡಿದವರಿಗೆ ತಕ್ಷಣ ಒಪ್ಪಿಗೆಯಾಗುವಂಥ ಸಾಲು ಅದು.

ಆದರೆ ಎಂಟರಲ್ಲಿ ಒಂದಕ್ಕೂ ದಿನಾಂಕವಿಲ್ಲ. ಯಾವುದು ಮೊದಲು ಯಾವುದು ಆಮೇಲೆ ಎಂಬುದಕ್ಕೆ ಜೋಡಿಸಿದವನ ಊಹೆ ಬಿಟ್ಟರೆ ಆಧಾರವಿಲ್ಲ ಎಂದು ವೇನನ ಜೀವನ ಬರೆದ ರಾಡ್ನಿ ಡೇಲ್ ಮುಂತಾದವರು ಆಕ್ಷೇಪವೆತ್ತಿದರು. ಬಳ್ಳಿ, ಹೂವು, ಕನ್ನಡಿ ಹಿಡಿದಂತೆ ಎರಡೂ ಬದಿ ಸಮನಾದ ನಮೂನೆಗಳು ಕಾಯಿಲೆಯಿಂದಲೇ ಬರಬೇಕಿಲ್ಲ. ಜವಳಿಯ ಮನೆಯಲ್ಲಿ ಬೆಳೆದವನ ಕೈಗೆ ಅವು ಎಳವೆಯಿಂದಲೇ ಪರಿಚಿತ. ವೇನನ ಕಾಯಿಲೆ ಸುಳ್ಳೆಂದಲ್ಲ. ಆ ಎಂಟು ಚಿತ್ರಗಳ ಸಾಲು ಅದಕ್ಕೆ ಸಾಕ್ಷಿಯಲ್ಲ.

ಚೀಟಿ ಇರುವ ಮಾದರಿ ಬೇಕಿದ್ದರೆ ಬೆತ್ಲೆಮ್ ಆಸ್ಪತ್ರೆಯ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿಸ್‌ಮಸ್ ಸಮಯದಲ್ಲಿ ವಾರ್ಡಿನ ಅಲಂಕಾರಕ್ಕೆಂದು ವೇನ್ ಅಲ್ಲಿನ ಕನ್ನಡಿಗಳ ಮೇಲೆ ಬೆಕ್ಕುಗಳನ್ನು ಬರೆದಿದ್ದ, ಅವನ್ನು ಉಳಿಸಿಕೊಂಡಿದ್ದಾರೆ. ಜಾಗ ಗೊತ್ತು. ಅವನು ಅಲ್ಲಿದ್ದದ್ದು 1925ರಿಂದ 1930ರವರೆಗೆ, ಹಾಗಾಗಿ ಕಾಲವೂ ಗೊತ್ತು. ಮ್ಯಾಕ್ಲೆಯ ಸಾಲು ನಿಜವಾಗಿದ್ದರೆ ಅಷ್ಟು ಹೊತ್ತಿಗೆ ಬೆಕ್ಕು ಕರಗಿ ನಮೂನೆಯಾಗಿರಬೇಕಿತ್ತು. ಕನ್ನಡಿಯ ಮೇಲಿರುವವು ಹಬ್ಬದ ಸಂಭ್ರಮದಲ್ಲಿರುವ, ಕಿವಿ ನೆಟ್ಟಗಿರುವ, ಹಳೆಯ ವಾರ್ಷಿಕಗಳಿಂದ ನೇರ ಎದ್ದು ಬಂದಂಥ ಬೆಕ್ಕುಗಳು.

ಟಿಪ್ಪಣಿ ಪುಸ್ತಕದಲ್ಲಿ ಈ ಪ್ರಾಣಿಗೆ ನಾನು ಬರೆದುಕೊಂಡ ಚೀಟಿ ಹೀಗಿದೆ.

ಜಾತಿ: ಮನುಷ್ಯ. ಕಿವಿ ಬೆಕ್ಕಿನದು.
ಕಂಡ ಜಾಗ: ಇಂಗ್ಲೆಂಡಿನ ಮಧ್ಯಮವರ್ಗದ ಮನೆ, ಶಾಲೆ, ಕಡಲತೀರ.
ಕಾಲ: 1886ರಿಂದ. ಮೊದಮೊದಲು ನಾಲ್ಕು ಕಾಲು, ಬರೀ ಮೈ. ಆಮೇಲೆ ಎರಡು ಕಾಲು, ಕೋಟು.
ಆಹಾರ: ಚಹಾ. ಇಲಿ ಹಿಡಿದದ್ದು ಕಂಡಿಲ್ಲ.
ನಡವಳಿಕೆ: ಓರೆನೋಟ. ಹಲ್ಲು ತೋರಿಸಿದರೆ ಹೆದರಬೇಕಿಲ್ಲ.
ಷರಾ: ಎಂಟು ಮಾದರಿಗಳಿಗೆ ದಿನಾಂಕವಿಲ್ಲ. ಸಾಲಾಗಿ ಜೋಡಿಸಬಾರದು.